ಸರಿಯಾದ ವೇಗದಲ್ಲಿ ಅಮ್ಮ

ಯಂತ್ರದ ವಿಷಯ ಅರೆಬರೆ ತಿಳಿದು ಇಂಥ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ, ಬಲ್ಲವರು ಮನ್ನಿಸಬೇಕು.

ಅಗ್ರಹಾರದ ಮನೆಯ ನಡುಮನೆಯಲ್ಲಿ ನಿವೃತ್ತ ಮೇಷ್ಟ್ರು ವಾಗೀಶ ಹಳೆಯ ರೇಡಿಯೋಗ್ರಾಂ ಬಿಚ್ಚಿಕೊಂಡು ಕೂತಿದ್ದ. ಅವನಿಗೆ ಕೇಳಬೇಕಿದ್ದುದು ಒಂದೇ ರೆಕಾರ್ಡು: ಮದುವೆಗೆ ಮುಂಚೆ ಅಮ್ಮ ಹಾಡಿದ್ದ ದೇವರನಾಮ. ಅವನು ತೊಟ್ಟಿಲಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಚಿಕ್ಕಂದಿನಲ್ಲಿ ಈ ಪೆಟ್ಟಿಗೆಯಿಂದ ಬರುತ್ತಿದ್ದ, ನಿಧಾನವಾಗಿ ತೂಗುವಂಥ ತುಂಬುದನಿಯೇ ಅವನ ಪಾಲಿನ ಅಮ್ಮ. ಅದನ್ನು ಕೇಳುತ್ತಲೇ ಅವನು ನಿದ್ದೆಹೋಗುತ್ತಿದ್ದ.

ತಿರುಗುವ ತಟ್ಟೆ ಎತ್ತಿದರೆ, ಅದನ್ನು ತಿರುಗಿಸುವ ರಬ್ಬರ್ ಚಕ್ರದ ತುಂಬ ಜಿಡ್ಡು.

"ಅಕ್ಕಾ, ಇದಕ್ಕೆ ಎಣ್ಣೆ ಬಿಟ್ಟವರು ಯಾರು?"

"ಇನ್ಯಾರು, ಅಪ್ಪ! ಪ್ರತಿ ಆಯುಧಪೂಜೆಗೂ ಕುಂಕುಮ ಇಟ್ಟು ಎರಡು ತೊಟ್ಟು ಹರಳೆಣ್ಣೆ. ಹೊಲಿಗೆ ಮಿಷನ್ನಿಗೂ ಅದೇ, ಇದಕ್ಕೂ ಅದೇ," ಕಮಲ ನಕ್ಕಳು.

ವಾಗೀಶ ಸ್ಪಿರಿಟ್ಟಿನಲ್ಲಿ ಚಕ್ರ ಒರೆಸಿದ. ಈಗ ತಟ್ಟೆ ಜಾರದೆ ಸರಿಯಾದ ವೇಗದಲ್ಲಿ ತಿರುಗಿತು. ರೆಕಾರ್ಡು ಹಾಕಿ ಮುಳ್ಳು ಇಟ್ಟ. ಸಂಜೆಬಿಸಿಲಿನಲ್ಲಿ ತೇಲುವ ಧೂಳಿನ ನಡುವೆ ತೆಳುವಾದ, ಚುರುಕಾದ ದನಿ ಎದ್ದಿತು; ಯಾರೋ ಹುಡುಗಿ ಹಾಡುತ್ತಿದ್ದಳು. ಇಷ್ಟು ವರ್ಷ ತಾನು ಅಮ್ಮ ಅಂದುಕೊಂಡದ್ದು ಎಣ್ಣೆಗೆ ಜಾರಿ ಹಾಡನ್ನು ನಿಧಾನಗೊಳಿಸಿದ ಚಕ್ರವನ್ನೇ?

"ಅಮ್ಮ ಹೋದಾಗ ನಿಂಗೆ ನಾಲ್ಕು ವರ್ಷ ಅಲ್ವೇನಕ್ಕ? ಅಮ್ಮನ ದನಿ ಹೀಗಿತ್ತಾ?"

ಕಮಲ ಕಣ್ಣುಮುಚ್ಚಿ ಹಾಡು ಮುಗಿಯುವವರೆಗೂ ಕೇಳಿದಳು.

"ನೆನಪೇ ಬರ್ತಿಲ್ಲ ಕಣೋ. ಆದರೆ ಈ ಹುಡುಗಿ ಎಷ್ಟು ಖುಷಿಯಾಗಿದ್ದಾಳೆ ನೋಡು. ಇನ್ನೊಂದ್ಸಲ ಹಾಕು."

ಅವನು ಹಾಕಿದ. ತೊಟ್ಟಿಲ ಬಳಿ ಅಮ್ಮ ಯಾವ ದನಿಯಲ್ಲಿ ಮಾತಾಡುತ್ತಿದ್ದಳೋ, ಅದು ಅವರಿಬ್ಬರಿಗೂ ಗೊತ್ತಿಲ್ಲ. ಈ ಕಥೆ ಹೇಳುತ್ತಿರುವವರಿಗೂ ಗೊತ್ತಿಲ್ಲ.