ಭಾವನ ಮನೆ ಕೆಳಗಿನ ಬಾಡಿಗೆ ಕೋಣೆ

ಜನವರಿ ಬಂತೆಂದರೆ ಕಡಲ ನಡುವಿನ ದ್ವೀಪದ ಸವುಸವು ಪೇಟೆಯ ತರಕಾರಿ ಕಟ್ಟೆಗಳಲ್ಲಿ ಒಂದೇ ಮಾತು. ಮಗನಿಗೆ ಸೀಟು ಸಿಕ್ಕಿತು, ಮಗಳಿಗೆ ಸೀಟು ಸಿಕ್ಕಿತು, ಸರಿ, ಕಡಲಾಚೆಯ ರಾಜಧಾನಿ ಸುವಾದಲ್ಲಿ ಇರುವುದೆಲ್ಲಿ? ಹಾಸ್ಟೆಲು ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿರುತ್ತದೆ. ವಿಶ್ವವಿದ್ಯಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಗಳ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ದೂರದಲ್ಲಿ ಹಿಡಿದರೆ ಹೆಣ್ಣುಮಗು ಕತ್ತಲಲ್ಲಿ ಬಸ್ಸಿಳಿದು ಒಬ್ಬಳೇ ನಡೆಯಬೇಕು. ಅತ್ತ ದರಿ, ಇತ್ತ ಪುಲಿ.

ಕೆಸುವಿನ ಗೆಡ್ಡೆ, ಮರಗೆಣಸು ಮಾರುವ ಲಿತಿಯಾನಾಳಿಗೂ ಆ ವರ್ಷ ಅದೇ ಚಿಂತೆ. ಅವಳ ಮಗಳು ಸೇನಿಗೆ ಟೀಚರ್ ಓದಿಗೆ ಸೀಟು ಸಿಕ್ಕಿತ್ತು. ಆ ಮನೆತನದಲ್ಲಿ ಕಡಲು ದಾಟಿ ಓದಲು ಹೊರಟವಳು ಅವಳೇ ಮೊದಲು. ಹುಡುಗಿ ಜಾಣೆ, ಆದರೆ ಚಿಕ್ಕಂದಿನಿಂದ ದಮ್ಮಿನ ಕಾಟ. ಥಂಡಿಯಾದರೆ ಎದೆ ಗೊರಗೊರ ಎನ್ನುತ್ತಿತ್ತು.

ಗಂಡ ಇನೋಕೆ ಒಂದು ದಿನ, ನೆಂಟರ ಮುಂದಿಟ್ಟು ಅರೆದು ನೀರಲ್ಲಿ ಕದಡಿ ಕುಡಿಯುವ ಒಳ್ಳೆಯ ಯಂಗೋನ ಬೇರಿನ ಕಟ್ಟು ಹೆಗಲಿಗೇರಿಸಿ ಸುವಾಕ್ಕೆ ಹಡಗು ಹತ್ತಿದ. ಹಿಂತಿರುಗಿದಾಗ ಮುಖ ಅರಳಿತ್ತು. ನೇರವಾಗಿ ಹೆಂಡತಿಯ ಕಟ್ಟೆಗೆ ಬಂದು ಗೆಡ್ಡೆಯ ಮೂಟೆಯ ಮೇಲೆ ಕೂತ.

"ಆಯ್ತು ಕಣೇ, ಕೆಲ್ಸ ಆಯ್ತು. ನಮ್ಮ ಸೋದರಮಾವನ ಮಗ ಅಪಾಕುಕಿ ಇದಾನಲ್ಲ, ಅವನ ಮನೆ ಕೆಳಗಡೇನೇ ಒಂದು ಕೋಣೆ. ಕ್ಯಾಂಪಸ್ಸಿಗೆ ನಡ್ಕೊಂಡೇ ಹೋಗ್ಬೋದು. ಬೇರೆಯವರು ಕೇಳೋದ್ರಲ್ಲಿ ಅರ್ಧ ಬಾಡಿಗೆ. ಭಾವ ಅಂದ್ರೆ ಭಾವ!"

ಪಕ್ಕದ ಕಟ್ಟೆಯಲ್ಲಿ ಬೀನ್ಸು, ಮೆಣಸಿನಕಾಯಿ ಮಾರುವವಳು ಹಿಂದೂ ಮನೆತನದ ಸುಭಗ್ವಂತಿ. ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಮಗನನ್ನು ಸುವಾದಲ್ಲಿ ಓದಿಸಿ ಮುಗಿಸಿದವಳು. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಕೇಳಿದಳು.

"ಕೋಣೆ ಹೆಂಗಿದೆ ಇನೋಕೆಯಣ್ಣ? ಗಾಳಿ ಬರತ್ತಾ?"

"ನಾನೇನು ಗಾಳಿ ಕುಡಿಯೋಕೆ ಹೋಗಿದ್ನಾ? ಯಂಗೋನ ಕುಡಿಯೋಕೆ ಹೋಗಿದ್ದೆ."

"ತಮಾಷೆ ಸಾಕು. ನೋಡಿದ್ಯೋ ಇಲ್ವೋ?"

ಇನೋಕೆ ಹೆಂಡತಿಯ ಕಡೆ ತಿರುಗಿ ನಕ್ಕ. "ಕೇಳ್ದೇನೇ? ಬೇರು ಮುಂದಿಟ್ಟು, ಚಾಪೆ ಮೇಲೆ ಕೂತು, ಅವನ ಕೈಯಿಂದ ಬಟ್ಟಲು ಇಸ್ಕೊಂಡು ಕುಡಿದ ಮೇಲೆ 'ಎಲ್ಲಿ ಭಾವ, ನಿನ್ನ ಕೋಣೆ ತೋರ್ಸು' ಅನ್ನೋಕಾಗತ್ತಾ? ಅವನ ಮುಖಕ್ಕೆ ಉಗಿದಂಗಲ್ವಾ?"

ಲಿತಿಯಾನಾ ಹೌದೆಂದು ತಲೆಯಾಡಿಸಿದಳು. ಅವಳ ಅಪ್ಪನೂ ಹಾಗೆಯೇ ಇದ್ದ, ಅಜ್ಜನೂ ಹಾಗೆಯೇ ಇದ್ದ. ಬಟ್ಟಲು ಕುಡಿದರೆ ಮಾತು ಮುಗಿಯಿತು. ನೆಂಟರು ಕೊಟ್ಟ ಜಾಗವನ್ನು ಇಣುಕಿ ನೋಡುವವನು ನೆಂಟನೇ ಅಲ್ಲ.

"ನಿಮ್ಮೋರು ಬಿಡಕ್ಕಾ," ಎಂದು ಅವಳು ಸುಭಗ್ವಂತಿಯನ್ನು ಚುಡಾಯಿಸಿದಳು, "ಮದುವೆ ಹೆಣ್ಣನ್ನೂ ತಿರುಗಿಸಿ ತಿರುಗಿಸಿ ನೋಡ್ತೀರಿ."

"ಹೌದಮ್ಮ, ನೋಡ್ತೀವಿ. ನಿನ್ನ ಗೆಡ್ಡೆ ಕೊಳ್ಳೋರು ಉಗುರಲ್ಲಿ ಕೆರೆದು ನೋಡ್ತಾರಲ್ಲ, ಬೈತೀಯಾ? ಒಂದು ಹೊತ್ತಿನ ಸಾರಿನ ಗೆಡ್ಡೆಗೆ ಅಷ್ಟು ನೋಡ್ಬೇಕು, ಮಗಳು ಮೂರು ವರ್ಷ ಮಲಗೋ ಕೋಣೆಗೆ ಬೇಡ್ವಾ?" ಸುಭಗ್ವಂತಿಯ ದನಿಯಲ್ಲಿ ಈಗ ನಗು ಇರಲಿಲ್ಲ. "ಸುವಾದ ಮಳೆ ನಿನಗೆ ಗೊತ್ತಿಲ್ಲ ಲಿತಿ. ನನ್ನ ಮಗ ಮೊದಲು ಇದ್ದ ಕೋಣೇಲಿ ಹಾಸಿಗೆ ಎತ್ತಿದ್ರೆ ಅಡಿಯಲ್ಲಿ ಅಣಬೆ. ಆಮೇಲೆ ಬುದ್ಧಿ ಬಂತು. ಮಳೆ ಬರೋವಾಗ್ಲೇ ಹೋಗಿ ನೋಡ್ಬೇಕು. ಗೋಡೆ ಮೇಲೆ ಅಂಗೈ ಇಟ್ಟು ನೋಡ್ಬೇಕು. ಕಿಟಕಿ ನೋಡಿದ್ರೆ ಸಾಲ್ದು, ತೆರೆದು ನೋಡ್ಬೇಕು. ಬಾಗಿಲ ಬೀಗ ಒಳಗಿನೋರ ಕೈಲಿದೆಯಾ ಕೇಳ್ಬೇಕು. ಹಿಂದೆ ಇದ್ದ ಮಕ್ಕಳು ಯಾಕೆ ಬಿಟ್ರು ಅಂತ ಆ ಮಕ್ಕಳನ್ನೇ ಕೇಳ್ಬೇಕು. ನಿಮ್ಮ ಹುಡುಗಿಗೆ ದಮ್ಮು ಬೇರೆ."

"ಅದು ಭಾವನ ಮನೆ ಸುಭಗ್ವಂತಿ, ಬಾಡಿಗೆ ಅಂಗಡಿ ಅಲ್ಲ," ಎಂದು ಇನೋಕೆ ಎದ್ದು ಹೋದ. ಲಿತಿಯಾನಾಳಿಗೂ ಸ್ವಲ್ಪ ಬೇಸರವೇ ಆಯಿತು. ಒಳ್ಳೆಯ ಸುದ್ದಿ ಹೇಳಿದ ದಿನ ಹೀಗೆಲ್ಲ ಅಪಶಕುನ ನುಡಿಯಬೇಕೇ ಎಂದುಕೊಂಡಳು.

ಫೆಬ್ರವರಿಯಲ್ಲಿ ಸೇನಿ ಹೊರಟಳು. ಒಂದು ಪೆಟ್ಟಿಗೆ, ಅಜ್ಜಿ ಹೆಣೆದ ಚಾಪೆ, ದಮ್ಮಿನ ಪಂಪು. ಭಾನುವಾರ ಚರ್ಚು ಮುಗಿದ ಮೇಲೆ ಫೋನು ಮಾಡುತ್ತಿದ್ದಳು.

"ಹೆಂಗಿದೀಯೇ?"

"ಚೆನ್ನಾಗಿದೀನಮ್ಮ."

"ಕೋಣೆ?"

"ಚೆನ್ನಾಗಿದೆ. ಮಾವ ದಿನಾ ಪ್ರಾರ್ಥನೆಗೆ ಮೇಲೆ ಕರೀತಾರೆ."

ಆಮೇಲೆ ಕೆಮ್ಮು. ಬರಬರುತ್ತಾ ಮಾತಿಗಿಂತ ಕೆಮ್ಮೇ ಹೆಚ್ಚಾಯಿತು. ಕೇಳಿದರೆ ನೆಗಡಿ ಅನ್ನುವಳು, ಮಳೆ ಅನ್ನುವಳು. ತಾಯಿಯ ಹೊಟ್ಟೆಗೆ ಗೊತ್ತಾಗುತ್ತದೆ. ಲಿತಿಯಾನಾಳಿಗೂ ಗೊತ್ತಾಗಿತ್ತು. ಆದರೆ ಗೊತ್ತಾಗಿದ್ದನ್ನು ಬಾಯಿಬಿಟ್ಟು ಹೇಳಿದರೆ ಗಂಡನ ಮಾತು ಬೀಳುತ್ತದೆ, ಭಾವನ ಮನಸ್ಸು ಮುರಿಯುತ್ತದೆ. ಅವಳು ಸುಮ್ಮನಿದ್ದಳು.

ಈಸ್ಟರಿಗೆ ಮುಂಚೆ ಅಪಾಕುಕಿಯ ಫೋನು ಬಂತು. ಸೇನಿ ಆಸ್ಪತ್ರೆಯಲ್ಲಿದ್ದಾಳೆ, ಯಾರಾದರೂ ಬನ್ನಿ ಎಂದ.

ಲಿತಿಯಾನಾ ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿದಳು. ಆಸ್ಪತ್ರೆಯ ಹಾಸಿಗೆಯಲ್ಲಿ ಮಗಳನ್ನು ನೋಡಿ ಅವಳಿಗೆ ಗುರುತೇ ಹತ್ತಲಿಲ್ಲ. ಮುಖದ ಮೇಲೆ ಆಕ್ಸಿಜನ್ ಮುಚ್ಚಳ, ಕಣ್ಣ ಕೆಳಗೆ ಕಪ್ಪು, ಪ್ರತಿ ಉಸಿರಿಗೂ ಹೆಗಲು ಮೇಲೆದ್ದು ಬೀಳುತ್ತಿತ್ತು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, "ಇವಳು ಇರೋ ಮನೆ ಎಂಥದ್ದು?" ಹೆತ್ತ ತಾಯಿಗೆ ಮಗಳು ಮಲಗುವ ಜಾಗ ಗೊತ್ತಿರಲಿಲ್ಲ.

ಮಗಳ ಬಟ್ಟೆ ತರಲು ಅಂದೇ ಮಧ್ಯಾಹ್ನ ಅಪಾಕುಕಿಯ ಮನೆಗೆ ಹೋದಳು. ಇಳಿಜಾರಿನಲ್ಲಿ ಕಂಬಗಳ ಮೇಲೆ ನಿಂತ ಮನೆ. ಕಂಬಗಳ ನಡುವೆ ಹಲಗೆ ಹೊಡೆದು ಕೋಣೆ ಮಾಡಿದ್ದರು. ಹಿಂದಿನ ಗೋಡೆ ಅಂದರೆ ಗುಡ್ಡವೇ. ಸಿಮೆಂಟು ಬಳಿದಿದ್ದರೂ ನೀರು ಜಿನುಗುತ್ತಿತ್ತು. ಒಳಗೆ ಕಾಲಿಟ್ಟರೆ ಕೊಳೆತ ಗೆಡ್ಡೆಯ ಮೂಟೆ ಬಿಚ್ಚಿದ ವಾಸನೆ. ಒಂದು ಕಿಟಕಿ ಇತ್ತು, ಕಳ್ಳರ ಭಯಕ್ಕೆ ಅದರ ಹೊರಗೆ ಕಬ್ಬಿಣದ ಸರಳು, ಮಳೆ ಎರಚಲಿಗೆ ಒಳಗಿನಿಂದ ಹಲಗೆ ಬಡಿದು ಮೊಳೆ. ಚಾಪೆ ಎತ್ತಿದರೆ ಅಡಿಯೆಲ್ಲ ಕಪ್ಪು ಬೂಷ್ಟು. ಅಜ್ಜಿ ಹೆಣೆದ ಚಾಪೆ ಕೈಯಲ್ಲೇ ಹರಿದು ಬಂತು. ಬಾಗಿಲ ಹೊರಗೆ ಇನ್ನೊಂದು ಕಬ್ಬಿಣದ ಬಾಗಿಲು, ಅದಕ್ಕೊಂದು ಬೀಗ.

"ಈ ಬೀಗದ ಕೈ ಯಾರ ಹತ್ರ?" ಎಂದು ಕೇಳಿದಳು.

ಅಪಾಕುಕಿ ಮೆಟ್ಟಿಲ ಮೇಲೆ ಕೂತಿದ್ದ. ಅವನ ಕಣ್ಣೂ ಕೆಂಪಗಿತ್ತು. "ನನ್ನ ಹತ್ರ ತಂಗಿ. ಹೆಣ್ಣುಮಗು, ಊರು ಕೆಟ್ಟದ್ದು. ಮಲಗೋ ಮುಂಚೆ ನಾನೇ ಹಾಕ್ತಿದ್ದೆ. ಒಳ್ಳೇದಕ್ಕೇ ಹಾಕ್ತಿದ್ದೆ."

"ಅವಳಿಗೆ ಉಸಿರು ಕಟ್ಟಿದಾಗ?"

ಅವನು ಜೇಬಿನಿಂದ ಬೀಗದ ಕೈ ತೆಗೆದು ಮೆಟ್ಟಿಲ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಬಡವನ ಮನೆ, ಇದ್ದಿದ್ದು ಕೊಟ್ಟೆ. ಇನೋಕೆ ಒಂದು ಮಾತು ಕೇಳಿದ್ರೆ ತೋರಿಸ್ತಿದ್ದೆ ತಂಗಿ. ಅವನು ಕೇಳ್ಲಿಲ್ಲ. ಕೇಳದೇ ಇದ್ದಾಗ ನಾನಾಗಿ ಹೆಂಗೆ ತೋರಿಸ್ಲಿ, ನನಗೂ ನಾಚಿಕೆ ಅಲ್ವಾ?"

ಲಿತಿಯಾನಾ ಅವನನ್ನು ಬೈಯದೆ ಮಗಳ ಬಟ್ಟೆ ಕಟ್ಟಿಕೊಂಡಳು. ಕೇಳಲು ಇವರಿಗೆ ನಾಚಿಕೆ, ತೋರಿಸಲು ಅವನಿಗೆ ನಾಚಿಕೆ. ನಡುವೆ ಹುಡುಗಿ.

ಮುಖದ ಆಕ್ಸಿಜನ್ ಮುಚ್ಚಳ ತೆಗೆದ ದಿನ ಸೇನಿ ನಡೆದದ್ದನ್ನು ಹೇಳಿದಳು. "ಕೂಗಿದೆ ಅಮ್ಮ. ತಗಡಿನ ಮೇಲೆ ಮಳೆ, ಯಾರಿಗೂ ಕೇಳಿಸ್ಲಿಲ್ಲ. ಪಂಪು ಖಾಲಿಯಾಗಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ಕರೆಯೋಕೆ ಬಂದಾಗ್ಲೇ ಬೀಗ ತೆಗೆದಿದ್ದು."

"ಮೊದ್ಲೇ ಯಾಕೆ ಹೇಳ್ಲಿಲ್ಲ ನನ್ನ ಕಂದಾ?"

"ಅಪ್ಪ ಮಾತು ಕೊಟ್ಟಿದ್ರಲ್ಲ."

ಲಿತಿಯಾನಾ ವಾರ್ಡಿನ ಹೊರಗೆ ಬಂದು, ಗೋಡೆಗೆ ಒರಗಿ, ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸೇನಿ ಬದುಕಿದಳು. ಆದರೆ ಆ ವರ್ಷದ ಓದು ಅಲ್ಲಿಗೇ ನಿಂತಿತು. ಮನೆಗೆ ಬಂದ ಮೇಲೆ, ಹಿಂದೆ ಓಡಿ ಹತ್ತುತ್ತಿದ್ದ ದಿಣ್ಣೆಯನ್ನು ಕೂತು ಕೂತು ಹತ್ತುವಳು. ಪುಪ್ಪುಸಕ್ಕೆ ಆದ ಪೆಟ್ಟು ಪೂರಾ ಮಾಯುತ್ತದೋ ಇಲ್ಲವೋ ಹೇಳಲಾರೆ ಎಂದಿದ್ದರು ಡಾಕ್ಟರಮ್ಮ. ಇನೋಕೆ ಮಾತು ಬಿಟ್ಟವನಂತಾದ. ತಟ್ಟೆಯ ಮುಂದೆ ಕೂತರೆ ತಿನ್ನುತ್ತಿರಲಿಲ್ಲ. ಸುಭಗ್ವಂತಿ 'ನಾನು ಹೇಳಿರಲಿಲ್ಲವೇ' ಎಂದು ಒಂದು ಸಲವೂ ಅನ್ನಲಿಲ್ಲ. ದಿನಾ ಸಂಜೆ ಶುಂಠಿ ಕಷಾಯ ತಂದುಕೊಟ್ಟು ಹೋಗುತ್ತಿದ್ದಳು.

ಜುಲೈ ತಿಂಗಳಲ್ಲಿ ಅಪಾಕುಕಿ ಫೋನು ಮಾಡಿದ. ಹುಡುಗಿ ಹೇಗಿದ್ದಾಳೆ ಎಂದು ಕೇಳಿ, ಮಾತಿನ ನಡುವೆ ಕೋಣೆ ಖಾಲಿ ಬಿದ್ದಿಲ್ಲ ಎಂದ. ಕೋರೋ ದ್ವೀಪದಿಂದ ಒಬ್ಬ ದೂರದ ನೆಂಟ ಬೇರಿನ ಕಟ್ಟು ತಂದಿದ್ದನಂತೆ, ಅವನ ಮಗಳು ಬಂದು ಸೇರಿದ್ದಾಳಂತೆ.

"ಗೋಡೆ ಸರಿ ಮಾಡಿಸಿದ್ಯಾ ಭಾವ? ಕಿಟಕಿ?" ಎಂದು ಇನೋಕೆ ಕೇಳಿದ.

"ಮಾಡಿಸ್ಬೇಕು. ಕಬ್ಬಿಣ, ಸಿಮೆಂಟು ಎಲ್ಲಾ ತುಟ್ಟಿ ಈಗ."

"ಬೀಗ?"

ಅಪಾಕುಕಿ ಪ್ರಾರ್ಥನೆಗೆ ಹೊತ್ತಾಯಿತು ಎಂದ. ಇನೋಕೆ ಫೋನಿಟ್ಟು ಜಗುಲಿಯಲ್ಲಿ ಕೂತ. ಲಿತಿಯಾನಾಳಿಗೆ ಅವನ ಸಂಕಟ ಅರ್ಥವಾಗುತ್ತಿತ್ತು. ಆ ಹುಡುಗಿಯ ಮನೆಗೆ ಹೇಳಿದರೆ ಅಪಾಕುಕಿಯ ಅನ್ನಕ್ಕೆ ಕಲ್ಲು ಹಾಕಿದಂತೆ. ಇನ್ನು ಸಾಯುವ ತನಕ ಅವನು ಇವರ ಹೊಸಿಲು ತುಳಿಯುವುದಿಲ್ಲ. ನೆಂಟಸ್ತಿಕೆಯೆಂದರೆ ಹರಿದರೆ ಹೊಲಿಯಲು ಬರುವ ಬಟ್ಟೆಯಲ್ಲ.

"ಸೇನಿಯಪ್ಪಾ," ಎಂದಳು ಲಿತಿಯಾನಾ, "ನಾನು ಫೋನಿನಲ್ಲಿ ಕೆಮ್ಮು ಕೇಳಿಯೂ ಸುಮ್ನಿದ್ದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ."

"ಆ ಹುಡುಗಿಗೇನಾದ್ರೂ ಆದ್ರೆ ಅವಳೇ ಮನೆಗೆ ಹೇಳ್ತಾಳೇನೋ..."

ಒಳಗೆ ಮಲಗಿದ್ದ ಸೇನಿ ಬಾಗಿಲಿಗೆ ಬಂದಳು. "ಹೇಳಲ್ಲ ಅಪ್ಪ. ಅವಳೂ ಹೇಳಲ್ಲ."

ಇನೋಕೆ ಮಗಳನ್ನೇ ನೋಡಿದ. ಆಮೇಲೆ ತಮ್ಮ ಚರ್ಚಿನ ಪಾದ್ರಿಗಳಿಗೆ ಫೋನು ಮಾಡಿ, ಅವರ ಮೂಲಕ ಕೋರೋದ ಪಾದ್ರಿಗಳನ್ನು ಹಿಡಿದು, ಸಂಜೆಯ ಹೊತ್ತಿಗೆ ಆ ಹುಡುಗಿಯ ಅಪ್ಪನನ್ನು ಹುಡುಕಿಯೇಬಿಟ್ಟ. ನಮಸ್ಕಾರ, ಊರು, ಕುಲ ಎಲ್ಲ ಹೇಳಿಕೊಂಡ ಮೇಲೆ ವಿಷಯಕ್ಕೆ ಬಂದ. "ಮಗಳಿಗೆ ಬೇರೆ ಕೋಣೆ ನೋಡಣ್ಣ. ಆ ಕೋಣೆ ಒಳ್ಳೇದಲ್ಲ."

ಆ ಕಡೆಯವನಿಗೆ ಸಿಟ್ಟು ಬಂತು. "ಯಾರಯ್ಯಾ ನೀನು? ನನ್ನ ನೆಂಟನ ಮನೆ ಬಗ್ಗೆ ಮಾತಾಡೋಕೆ? ನಾನು ಬಟ್ಟಲು ಕುಡಿದು ಬಂದಿದೀನಿ, ಮಾತು ಕೊಟ್ಟಾಗಿದೆ."

"ನಾನೂ ಕುಡಿದಿದ್ದೆ. ನಾನೂ ಕೊಟ್ಟಿದ್ದೆ." ಇನೋಕೆ ಸೇನಿಯನ್ನು ಹತ್ತಿರ ಕರೆದ. "ನನ್ನ ಮಾತು ನಂಬಬೇಡ. ಮಗಳ ಕೈಗೆ ಫೋನು ಕೊಡ್ತೀನಿ. ಅವಳು ಏನೂ ಹೇಳೋದು ಬೇಡ, ಉಸಿರಾಡ್ಲಿ. ನೀನು ಕೇಳಿಸ್ಕೋ."

ಸೇನಿ ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಗೊರಗೊರ ಎನ್ನುವ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಕೊನೆಗೆ ಆ ಕಡೆಯಿಂದ ಮುದುಕನಂಥ ದನಿ ಕೇಳಿತು.

"ಮಗಾ, ಮುಂದಿನ ಹಡಗು ಯಾವತ್ತು ಅಂತ ವಿಚಾರಿಸ್ತೀನಿ."

ಕೋರೋದ ಹುಡುಗಿ ಆ ಕೋಣೆ ಬಿಟ್ಟಳು, ಅಪಾಕುಕಿ ಇವರ ಜೊತೆ ಮಾತು ಬಿಟ್ಟ. ತನ್ನ ಮನೆಯಲ್ಲಿ ಮದುವೆಯಾದರೂ ಇವರನ್ನು ಕರೆಯಲಿಲ್ಲ. ಇನೋಕೆಗೆ ಅದು ಇವತ್ತಿಗೂ ನೋವು. ಆದರೂ ಕೋಣೆ ನೋಡಲು ಹೋಗುವ ಊರಿನವರಿಗೆಲ್ಲ ಅವನೇ ಈಗ ಹೇಳುತ್ತಾನೆ, "ಮೊದ್ಲು ಕೋಣೆ, ಆಮೇಲೆ ಬಟ್ಟಲು."

ಮಕ್ಕಳನ್ನು ದೂರದ ಪಟ್ಟಣಕ್ಕೆ ಓದಲು ಕಳಿಸುವ ಅಪ್ಪಂದಿರೇ, ಅಮ್ಮಂದಿರೇ, ಕೈಗೆಟಕುವ ಬಾಡಿಗೆಯ ಕೋಣೆ ಹುಡುಕುವುದು ತಪ್ಪಲ್ಲ. ಬಡವರು ಹುಡುಕಲೇಬೇಕು. ಆದರೆ ಮಾತು ಕೊಡುವ ಮೊದಲು ಒಳಗೆ ಹೋಗಿ. ಗೋಡೆ ಮುಟ್ಟಿ ನೋಡಿ, ಕಿಟಕಿ ತೆರೆದು ನೋಡಿ, ಬೀಗದ ಕೈ ನಿಮ್ಮ ಮಗುವಿನ ಬಳಿ ಇರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಮಾಲೀಕ ನೆಂಟನಾದರೆ ಇನ್ನೂ ಚೆನ್ನಾಗಿ ಕೇಳಿ, ಒಪ್ಪಿದ್ದನ್ನು ಬರೆಸಿಕೊಳ್ಳಿ. ಕಾಲೇಜಿನಲ್ಲಿ ವಸತಿ ವಿಚಾರ ನೋಡಿಕೊಳ್ಳುವವರಿದ್ದರೆ ಅವರನ್ನೂ ವಿಚಾರಿಸಿ. ಮತ್ತೆ, ಮಗು ಹೊರಡುವ ದಿನ ಹತ್ತಿರ ಕೂರಿಸಿಕೊಂಡು ಇಷ್ಟು ಹೇಳಿ: ಅಲ್ಲಿ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನು, ನಮ್ಮ ಮಾತು ಹೋದರೆ ಹೋಗಲಿ. ಈ ಮಾತನ್ನು ಸೇನಿಗೆ ಯಾರೂ ಹೇಳಿರಲಿಲ್ಲ. ನೀವು ನಿಮ್ಮ ಮಗುವಿಗೆ ಇವತ್ತೇ ಹೇಳಿ.