ಐದನೇ ಸಾಲು

ವಿಜಯನಗರದ ಸಮುದಾಯ ಭವನದ ಬಾಗಿಲಲ್ಲಿ ಜಂಬಣ್ಣನವರು ಊರುಗೋಲು ಅಡ್ಡ ಹಿಡಿದು ಕುಸುಮಾಳ ಗಾಲಿಕುರ್ಚಿಯನ್ನು ನಿಲ್ಲಿಸಿದರು. ಅವಳ ಸೆರಗಿಗೆ ಬಿಳಿ ದಾರದ ಚೂರುಗಳು ಅಂಟಿದ್ದವು.

"ಮೊದಲು ಅದನ್ನ ತೆಗಿ ಕಣಮ್ಮ. ನಿನ್ನ ಹಿಡ್ಕೊಡೋಕೆ ಅಷ್ಟೇ ಸಾಕು."

ಕುಸುಮಾ ಒಂದೊಂದೇ ಚೂರು ಆರಿಸಿ ಪರ್ಸಿಗೆ ಹಾಕಿಕೊಂಡಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಿಂದ ಅವಳ ತಾಯಿ ಅಕ್ಕಯ್ಯಮ್ಮ ದಿನಾ ಬೆಳಿಗ್ಗೆ ಶರ್ಟುಗಳ ಗಂಟು ಹೊತ್ತು ತರುತ್ತಿದ್ದರು. ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುವುದು ಕುಸುಮಾಳ ಕೆಲಸ. ಶರ್ಟಿಗೆ ಎಂಬತ್ತು ಪೈಸೆ. ಚಿಕ್ಕಂದಿನಲ್ಲೇ ಎರಡೂ ಕಾಲು ಸ್ವಾಧೀನ ತಪ್ಪಿದ್ದ ಅವಳಿಗೆ ಸರ್ಕಾರದ ಮಾಸಾಶನ ತಿಂಗಳಿಗೆ ಸಾವಿರದ ನಾನೂರು ಬರುತ್ತಿತ್ತು. ಮನೆಯ ಆದಾಯ ಮಿತಿ ದಾಟಿದೆ ಎಂದು ಯಾರಾದರೂ ಬರೆದುಕೊಟ್ಟರೆ ಅದೂ ನಿಲ್ಲುತ್ತದೆ.

ಮಾಸಾಶನವನ್ನು ಐದು ಸಾವಿರಕ್ಕೆ ಏರಿಸಬೇಕೆಂಬ ಮನವಿಯನ್ನು ಬರೆದವರು ಜಂಬಣ್ಣನವರೇ. ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು, ಈಗ ಅಂಗವಿಕಲರ ಸಂಘದ ಕಾರ್ಯದರ್ಶಿ. ಅವರು ಬರೆದ ಯಾವ ಅರ್ಜಿಯಲ್ಲೂ ಐದನೇ ಸಾಲು ಬದಲಾಗುತ್ತಿರಲಿಲ್ಲ: 'ಅರ್ಜಿದಾರರಿಗೆ ಬೇರೆ ಯಾವುದೇ ಆದಾಯವಿರುವುದಿಲ್ಲ.' ಈ ಮನವಿಯಲ್ಲೂ ಅದೇ ಸಾಲಿತ್ತು; ಕೆಳಗೆ ಮೂವತ್ತೊಂದು ಜನ ಸಹಿ ಹಾಕಿದ್ದರು. ದನಿ ಸ್ಪಷ್ಟವಾಗಿದೆ ಎಂಬ ಕಾರಣಕ್ಕೆ ಅದನ್ನು ಸಭೆಯಲ್ಲಿ ಓದುವ ಕೆಲಸ ಕುಸುಮಾಳಿಗೆ ಬಂದಿತ್ತು.

ಮಾಸಾಶನದ ಬಗ್ಗೆ ಅಭಿಪ್ರಾಯ ಸಂಗ್ರಹಿಸಲು ಸರ್ಕಾರದಿಂದ ಬಂದಿದ್ದ ಅಧಿಕಾರಿ ಸ್ಮೃತಿ, ಇನ್ನೂ ಮೂವತ್ತು ದಾಟದ ಹುಡುಗಿ, ಪೂರ್ತಿ ಕೇಳಿಸಿಕೊಂಡು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಮಾತಿನಲ್ಲಿ ಕೊಂಕಿರಲಿಲ್ಲ.

"ಬಾಡಿಗೆನೇ ನಾಲ್ಕೂವರೆ ಸಾವಿರ ಅಂತೀರ. ಬೇರೆ ಆದಾಯ ಇಲ್ಲ ಅಂತೀರ. ಹಣಕಾಸಿನವರು ನನ್ನನ್ನ ಕೇಳೋದು ಒಂದೇ ಪ್ರಶ್ನೆ. ಈಗ ಕೊಡೋದ್ರಲ್ಲೇ ನಡೀತಿದೆಯಲ್ಲ, ಜಾಸ್ತಿ ಯಾಕೆ?"

"ಗಾಳಿ ಕುಡ್ಕೊಂಡು ಇದೀವಿ ಮೇಡಂ," ಎಂದ ಹಿಂದಿನ ಸಾಲಿನಿಂದ ಲಗ್ಗೆರೆಯ ಸಂಪತ್. ಒಂದಿಬ್ಬರು ನಕ್ಕರು.

ಜಂಬಣ್ಣನವರು ಎದ್ದು, ಬಂಧುಬಳಗದವರ ಸಹಾಯದಿಂದ ಜೀವನ ಸಾಗುತ್ತಿದೆ ಎಂದು ವಿವರಿಸತೊಡಗಿದರು. ಸ್ಮೃತಿ ಅದನ್ನೇ ಟೈಪ್ ಮಾಡುತ್ತಿರುವುದು ಕುಸುಮಾಳಿಗೆ ಕಾಣಿಸಿತು. ನೋಡಿಕೊಳ್ಳಲು ಬಳಗವಿದೆ ಎಂದಾದ ಮೇಲೆ ಸರ್ಕಾರ ಯಾಕೆ ಕೊಟ್ಟೀತು? ಆ ಕಡತ ಅಲ್ಲಿಗೇ ಮುಚ್ಚಿಹೋಗುತ್ತದೆ.

"ಅದು ಬೇಡ ಮೇಡಂ," ಎಂದಳು ಕುಸುಮಾ. "ಐದನೇ ಸಾಲು ಸುಳ್ಳು. ದಿನಕ್ಕೆ ನೂರೈವತ್ತು ಶರ್ಟಿನ ದಾರ ಕತ್ತರಿಸ್ತೀನಿ. ಹತ್ತು ಗಂಟೆ ಕೂತೇ ಇರ್ತೀನಿ. ಕೂತು ಕೂತು ಹುಣ್ಣಾಗಿದೆ. ಒಂದು ತಿಂಗಳು ಮಲಗಿದ್ರೆ ವಾಸಿಯಾಗುತ್ತೆ ಅಂತಾರೆ ಡಾಕ್ಟ್ರು. ಮಲಗಿದ್ರೆ ಬಾಡಿಗೆ ಇಲ್ಲ. ನಡೀತಿರೋದು ಹೀಗೆ."

ಜಂಬಣ್ಣನವರು ಕೂತುಬಿಟ್ಟರು.

ಸ್ಮೃತಿ ಕೀಲಿಗಳ ಮೇಲಿಂದ ಕೈ ತೆಗೆದಳು. ಹೆಸರು ಸಮೇತ ಬರೆದರೆ ವರದಿ ಎಲ್ಲೆಲ್ಲಿಗೆ ಹೋಗುತ್ತದೋ ತನ್ನ ಕೈಯಲ್ಲಿಲ್ಲ, ಇರುವ ಮಾಸಾಶನಕ್ಕೇ ಕುತ್ತು ಬರಬಹುದು, ಬೇಕಾದರೆ 'ಒಬ್ಬ ಮಹಿಳೆ' ಎಂದಷ್ಟೇ ಹಾಕುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ಕುಸುಮಾ ಪರ್ಸಿನ ಜಿಪ್ ಎಳೆದು ಒಳಗಿನ ದಾರದ ಚೂರುಗಳನ್ನು ನೋಡಿದಳು. ಒಂದು ತಿಂಗಳು ಆ ಸಾವಿರದ ನಾನೂರು ಬರದಿದ್ದರೂ ಮನೆ ಖಾಲಿ ಮಾಡಬೇಕಾಗುತ್ತಿತ್ತು.

"ಒಬ್ಬ ಮಹಿಳೆ ಅಂದ್ರೆ ಯಾರು ಅಂತಾರೆ. ಕುಸುಮಾ ಅಂತ್ಲೇ ಬರೀರಿ."

ಕೀಲಿಗಳ ಸದ್ದು ಮತ್ತೆ ಶುರುವಾಯಿತು. ಜಂಬಣ್ಣನವರು ಮನವಿಯನ್ನು ವಾಪಸ್ ಕೇಳಿ ಪಡೆದು, ಐದನೇ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ನಂತರ ಪೆನ್ನನ್ನು ಕುಸುಮಾಳ ಕಡೆ ಚಾಚಿದರು.

"ಹೊಡೆದುಹಾಕಿದ ಕಡೆ ಚಿಕ್ಕ ಸಹಿ ಬೇಕು ಕಣಮ್ಮ. ಇಲ್ದಿದ್ರೆ ತಿದ್ದುಪಡಿ ನಿಲ್ಲಲ್ಲ."

ಅವಳು ಅಂಚಿನಲ್ಲಿ ಸಹಿ ಹಾಕಿ ಪೆನ್ನು ಹಿಂದಿರುಗಿಸುವಷ್ಟರಲ್ಲಿ ಸಂಪತ್ ಕುಂಟುತ್ತಾ ಪಕ್ಕಕ್ಕೆ ಬಂದಿದ್ದ.

"ಮೊಬೈಲ್ ಕವರ್ ಮಾರ್ತೀನಿ ಅಂತ ನಾನೂ ಬರೀಲಾ ಸಾರ್?"

ಜಂಬಣ್ಣನವರು ಹಾಳೆಯ ಅಂಚನ್ನು ಕಣ್ಣಲ್ಲೇ ಅಳೆದರು.

"ಸಣ್ಣಕ್ಕೆ ಬರಿ," ಎಂದರು. "ಇನ್ನೂ ಮೂವತ್ತು ಜನಕ್ಕೆ ಜಾಗ ಬೇಕು."