ತಮ್ಮನ ಎದೆ ಸೀಳಲಿಲ್ಲ

ತಮ್ಮ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಯೊಳಗೆ ಬಂದ. ಅಣ್ಣನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ.

ಬದುಕಿ ಬಂದನಲ್ಲ ಎಂಬ ಸಂತೋಷ ಇರಲಿಲ್ಲವೇ? ಇತ್ತು. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಕಣ್ಣು ತುಂಬಿತು. ಆದರೆ ಆ ಕಣ್ಣು ಒಣಗುವ ಮೊದಲೇ ತಮ್ಮ ಮೆಟ್ಟಿಲು ಹತ್ತಿ, ಚಪ್ಪಲಿಯನ್ನು ಮೂಲೆಗೆ ಒದ್ದು, "ಅತ್ತಿಗೆ, ಒಂದು ಟೀ ಹಾಕಿ. ಆಸ್ಪತ್ರೆ ಟೀ ಕುಡಿದು ನಾಲಿಗೆ ಸತ್ತೋಗಿದೆ" ಎಂದುಬಿಟ್ಟ. ಹೃದಯದ ಕವಾಟ ಬದಲಾಯಿಸಿಕೊಂಡು ಬಂದವನು! ಹಲ್ಲು ಕೀಳಿಸಿಕೊಂಡು ಬಂದವನೂ ಇದಕ್ಕಿಂತ ಹೆಚ್ಚು ನರಳುತ್ತಾನೆ.

ಅಣ್ಣ ಹೀಗೆ ಬಂದಿರಲಿಲ್ಲ. ಅವನದೂ ಇದೇ ಕಾಯಿಲೆಯೇ. ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲಿಗೆ ಮೂರು ಎಸಳು ಇರಬೇಕಾದಲ್ಲಿ ಎರಡೇ ಇದ್ದವು, ಅವೂ ಸುಣ್ಣಗಟ್ಟಿ ಕಲ್ಲಾಗಿದ್ದವು. ಒಂದೇ ತಾಯಿಯ ಹೊಟ್ಟೆಯಲ್ಲಿ ಒಂದೇ ದೋಷ ಹೊತ್ತು ಹುಟ್ಟಿದವರು. ಅಣ್ಣನಿಗೆ ಐವತ್ತು ತುಂಬುವ ಮೊದಲೇ ಅದು ಕೆಟ್ಟಿತು. ಆಗ ಅವನ ಎದೆಯ ಮೂಳೆಯನ್ನು ಗರಗಸದಿಂದ ಉದ್ದಕ್ಕೆ ಕೊಯ್ದು, ಲೋಹದ ಕವಾಟ ಕೂರಿಸಿ, ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದಿದ್ದರು. ಬಡಗಿಯಾದ ಅವನನ್ನೇ ಮರದ ಹಾಗೆ ಕೊಯ್ದಿದ್ದರು. "ತಂತಿ ಸುತ್ತಿ ಜೋಡಿಸೋದೂ ಒಂದು ಕೆಲಸಾನಾ? ನಾವಾಗಿದ್ರೆ ಒಂದರೊಳಗೊಂದು ಸೇರೋ ಹಾಗೆ ಕಚ್ಚು ಹಾಕಿ ಕೂರಿಸ್ತಿದ್ವಿ" ಎಂದು ಅವನೇ ಆಗ ನಗೆಯಾಡಿದ್ದ. ನಕ್ಕರೆ ನೋವು, ಕೆಮ್ಮಿದರೆ ಇನ್ನೂ ನೋವು. ಕೆಮ್ಮು ಬಂದಾಗಲೆಲ್ಲ ಎದೆಗೆ ದಿಂಬು ಒತ್ತಿಕೊಳ್ಳಬೇಕಿತ್ತು. ತಿಂಗಳುಗಟ್ಟಲೆ ಕೂತುಕೊಂಡೇ ನಿದ್ದೆ ಮಾಡಿದ. ನೀರಿನ ಚೊಂಬು ಎತ್ತುವುದಕ್ಕೂ ಹೆಂಡತಿಯನ್ನು ಕರೆಯಬೇಕಿತ್ತು.

ತಮ್ಮನಿಗೆ? ತೊಡೆಯ ಸಂದಿನಲ್ಲಿ ಒಂದು ತೂತು. ಅಲ್ಲಿಂದ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಮಡಿಚಿದ ಕೊಡೆಯಂಥ ಕವಾಟವನ್ನು ಹೃದಯದವರೆಗೆ ತಳ್ಳಿ, ಹಳೆಯ ಕವಾಟದೊಳಗೇ ಅದನ್ನು ಅರಳಿಸಿದ್ದರು. ಪೂರ್ತಿ ಪ್ರಜ್ಞೆಯನ್ನೂ ತಪ್ಪಿಸಿರಲಿಲ್ಲವಂತೆ.

"ನಂಗೆಲ್ಲಾ ಕೇಳಿಸ್ತಿತ್ತು ಕಣಣ್ಣ," ಎಂದ ತಮ್ಮ, ಟೀ ಹೀರುತ್ತಾ. "ಡಾಕ್ಟ್ರು ನರ್ಸಮ್ಮನ ಹತ್ರ ಅವರ ಮನೆ ಬಾಡಿಗೆದಾರನ್ನ ಬಯ್ಕೋತಿದ್ರು. ಮುಗೀತು ಎದ್ದೇಳಿ ಅಂದ್ರು. ಶುರು ಯಾವಾಗಾಯ್ತು ಅಂದೆ."

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣ ನಗಲಿಲ್ಲ.

"ನಂಗ್ಯಾಕೆ ಹಂಗೆ ಮಾಡ್ಲಿಲ್ವಂತೆ? ಕೇಳಿದ್ಯಾ?"

"ಕೇಳಿದೆ. ಆಗ ಇಲ್ಲಿ ಅದು ಬಂದಿರ್ಲಿಲ್ವಂತೆ. ಬಂದಿದ್ರೂ ನೀನಾಗ ವಯಸ್ಸಲ್ಲಿ ಚಿಕ್ಕೋನು, ಲೋಹದ್ದಾದ್ರೆ ಬಾಳಿಕೆ ಜಾಸ್ತಿ ಅಂತ ಅದನ್ನೇ ಹಾಕ್ತಿದ್ರಂತೆ. ನಂಗೆ ವಯಸ್ಸೂ ಆಯ್ತು, ಮೇಲೆ ಈ ಶ್ವಾಸಕೋಶ. ಇಷ್ಟು ಸಿಗರೇಟು ಸೇದಿದೋನ ಎದೆ ಸೀಳಿದ್ರೆ ಏಳೋದೇ ಡೌಟು ಅಂದ್ರು. ಅದಕ್ಕೇ ತೊಡೆಯಿಂದ."

ಇದನ್ನು ಕೇಳಿ ಅಣ್ಣನಿಗೆ ಮೈ ಪರಚಿಕೊಳ್ಳುವಂತಾಯಿತು. ಜೀವಮಾನದಲ್ಲಿ ಒಂದು ಸಿಗರೇಟನ್ನೂ ಮುಟ್ಟಿದವನಲ್ಲ ಅವನು. ಮುಟ್ಟದವನಿಗೆ ಗರಗಸ, ಹೊಗೆಗೂಡಿನ ಹಾಗೆ ಸೇದಿದವನಿಗೆ ಸೂಜಿಯ ತೂತು. ಯಾವ ನ್ಯಾಯ ಇದು?

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ನುಂಗಲಾಗದ್ದು ಇನ್ನೊಂದಿತ್ತು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅಣ್ಣ ದಿನವೂ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಸಾಯುವವರೆಗೂ. ಆ ಮಾತ್ರೆ ನುಂಗುವವನಿಗೆ ಗಾಯವಾದರೆ ರಕ್ತ ನಿಲ್ಲುವುದಿಲ್ಲ. ಆಪರೇಷನ್ ಆದ ವರ್ಷವೇ ಉಳಿ ಜಾರಿ ಅಂಗೈ ಸೀಳಿ, ಟವೆಲ್ಲಿನ ಮೇಲೆ ಟವೆಲ್ ತೊಯ್ದು, ಕೊನೆಗೆ ಆಸ್ಪತ್ರೆಗೇ ಓಡಬೇಕಾಗಿತ್ತು. ಅಂದೇ ಅವನ ಉಳಿಗಳ ಪೆಟ್ಟಿಗೆಗೆ ಹೆಂಡತಿ ಬೀಗ ಹಾಕಿದಳು. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟವನು, ಒಂದು ಮೊಳೆಯನ್ನೂ ಹೊಡೆಯದೆ ಕಚ್ಚಿಗೆ ಕಚ್ಚು ಕೂರಿಸುತ್ತಿದ್ದವನು, ಮನೆಯ ಕೆಳಗಿನ ಕಾರ್ಖಾನೆಯ ಬಾಗಿಲಲ್ಲಿ ಕೂತು ಕುರ್ಚಿ ಕಾಲುಗಳಿಗೆ ಮರಳು ಕಾಗದ ತಿಕ್ಕುತ್ತಿದ್ದ. ಕೆಲಸದವರು ಅವನಿಗೆ 'ಗಡಿಯಾರದಣ್ಣ' ಎಂದು ಹೆಸರಿಟ್ಟಿದ್ದರು. ಸುಮ್ಮನೆ ಕೂತಾಗ ಅವನ ಎದೆಯಿಂದ ಟಿಕ್ ಟಿಕ್ ಎಂದು ಲೋಹದ ಸದ್ದು ಹೊರಗೇ ಕೇಳುತ್ತಿತ್ತು.

ತಮ್ಮನ ಕವಾಟಕ್ಕೆ ಸದ್ದೂ ಇಲ್ಲ, ಆ ಮಾತ್ರೆಯೂ ಇಲ್ಲ. ಅದು ದನದ ಹೃದಯದ ಸುತ್ತಲಿನ ಪೊರೆಯಿಂದ ಮಾಡಿದ್ದು; ದಿನಕ್ಕೊಂದು ಸಣ್ಣ ಆಸ್ಪಿರಿನ್ ಸಾಕಂತೆ. ಕೆಲವೇ ವಾರಗಳಲ್ಲಿ ಅವನು ಕಾರ್ಖಾನೆಗೆ ಇಳಿದ, ಗರಗಸ ಹಿಡಿದ. ಒಂದು ಬೆಳಿಗ್ಗೆ ಅಣ್ಣ ಬಂದು ನೋಡುತ್ತಾನೆ: ತಮ್ಮನ ಕೈಯಲ್ಲಿರುವುದು ತನ್ನ ಅಗಲ ಬಾಯಿಯ ಉಳಿ.

"ಯಾರು ಕೊಟ್ರೋ ಅದನ್ನ?"

"ಅತ್ತಿಗೆ. ನನ್ನ ಉಳಿ ಬಾಯಿ ಮುರಿದಿದೆ ಕಣಣ್ಣ. ಪೆಟ್ಟಿಗೇಲಿ ತುಕ್ಕು ಹಿಡೀತಾ ಬಿದ್ದಿತ್ತಲ್ಲ..."

"ತುಕ್ಕು ಹಿಡಿದ್ರೆ ನಂದು ಹಿಡೀತದೆ. ನಿಂಗೇನು?"

"ಸರಿ ತಗೋ. ಇಟ್ಕೊಂಡು ಪೂಜೆ ಮಾಡು," ಎಂದು ತಮ್ಮ ಉಳಿಯನ್ನು ಬೆಂಚಿನ ಮೇಲೆ ಕುಕ್ಕಿದ. ಪಾಲಿಶ್ ಹಾಕುವವನು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಅಣ್ಣ ಉಳಿಯನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡು ಏನು ಮಾಡುವುದು? ಮಧ್ಯಾಹ್ನದವರೆಗೂ ತಮ್ಮ ಅದರಲ್ಲೇ ಮರ ಕೆತ್ತಿದ. ಅವನ ಕೈಗೆ ಅವಸರ ಜಾಸ್ತಿ, ಯಾವಾಗಲೂ ಅಷ್ಟೇ. ಕಚ್ಚು ಸಡಿಲವಾಗುತ್ತಿತ್ತು, ಸಂದಿಗೆ ಅಂಟು ಮೆತ್ತಿ ಮುಚ್ಚುತ್ತಿದ್ದ. ಅಣ್ಣನಿಗೆ ಒಂದೊಂದು ಏಟೂ ತನ್ನ ಎದೆಯ ತಂತಿಗೇ ಬಿದ್ದಂತಾಗುತ್ತಿತ್ತು.

ಮರಳು ಕಾಗದ ತಿಕ್ಕುತ್ತಾ ತಿಕ್ಕುತ್ತಾ ಅವನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ಅದು ಬಡಗಿಯ ಲೆಕ್ಕ. ಅಂಟು ಹಚ್ಚಿದ ಕೀಲಿಗೆ ಕ್ಲಾಂಪ್ ಬಿಗಿಯುತ್ತೇವೆ. ಯಾಕೆ? ಅಂಟು ಹಿಡಿಯುವವರೆಗೆ ಅಲುಗಾಡಬಾರದು ಎಂದು. ಹಿಡಿದ ಮೇಲೂ ಕ್ಲಾಂಪ್ ಬಿಚ್ಚದವನು ದಡ್ಡ. ಮಾತ್ರೆ ಅಂದರೂ ಕ್ಲಾಂಪೇ ಅಲ್ಲವೇ? ಇಷ್ಟು ವರ್ಷದಲ್ಲಿ ಮಾಂಸ ಬೆಳೆದು ಲೋಹವನ್ನು ಕಚ್ಚಿಕೊಂಡಿರಲೇಬೇಕು. ಡಾಕ್ಟರುಗಳು ಬಿಚ್ಚುವುದನ್ನು ಮರೆತಿದ್ದಾರೆ. ಇಲ್ಲದಿದ್ದರೆ ಅದೇ ಜಾಗದಲ್ಲಿ, ಅದೇ ರಕ್ತದಲ್ಲಿ, ನಿನ್ನೆ ಮೊನ್ನೆ ಕವಾಟ ಹಾಕಿಸಿಕೊಂಡ ತಮ್ಮನಿಗೆ ಬೇಡದ ಮಾತ್ರೆ ತನಗೆ ಯಾಕೆ ಬೇಕು?

ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ ಎಂಬುದು ಒಳಗೊಳಗೇ ಗೊತ್ತಿತ್ತು.

ಮರುದಿನದಿಂದ ಹೆಂಡತಿ ಕೊಟ್ಟ ಮಾತ್ರೆಯನ್ನು ನಾಲಿಗೆಯ ಅಡಿಗೆ ಸೇರಿಸಿ, ನೀರು ಕುಡಿದು, ಕೆಳಗಿಳಿದು ಮರದ ಹೊಟ್ಟಿನೊಳಗೆ ಉಗುಳತೊಡಗಿದ. ಉಗುಳಿ ಕಾಲಿನಿಂದ ಮುಚ್ಚುತ್ತಿದ್ದ. ಒಂದು ವಾರ ಕಳೆಯಿತು. ಏನೂ ಆಗಲಿಲ್ಲ. ಅವನಿಗೆ ಧೈರ್ಯ ಬಂತು.

ತಮ್ಮ ಮತ್ತು ಪಾಲಿಶ್‌ನವನು ಟೆಂಪೋದಲ್ಲಿ ಮೇಜು ತಲುಪಿಸಲು ಹೋದ ಒಂದು ಮಧ್ಯಾಹ್ನ ಅಣ್ಣ ಬಾಗಿಲು ಮುಂದೆ ಮಾಡಿ ಬೆಂಚಿನ ಮುಂದೆ ನಿಂತ. ಉಳಿಯ ಹಿಡಿ ಕೈಗೆ ಬಂದಾಗ ಬೆರಳುಗಳು ಕೇಳದೆಯೇ ಹಳೆಯ ಜಾಗ ಹಿಡಿದವು. ತಮ್ಮ ಅರ್ಧಕ್ಕೆ ಬಿಟ್ಟಿದ್ದ ಕುರ್ಚಿಯ ಹಿಂಗಾಲು ತೆಗೆದುಕೊಂಡು ಕಚ್ಚು ಕೊರೆದ. ಚಕ್ಕೆಗಳು ಸುರುಳಿ ಸುರುಳಿಯಾಗಿ ಎದ್ದು ಮುಂಗೈ ಮೇಲೆ ಬಿದ್ದವು. ಅಡ್ಡಪಟ್ಟಿಯನ್ನು ತಂದು ಒತ್ತಿದರೆ, ಕೊಡತಿಯ ಒಂದು ಸಣ್ಣ ಏಟಿಗೆ ಉಸಿರು ಬಿಟ್ಟುಕೊಂಡು ಒಳಗೆ ಹೋಗಿ ಕೂತಿತು. ಕೂದಲೆಳೆ ತೂರಲೂ ಜಾಗವಿರಲಿಲ್ಲ. ಅವನಿಗೆ ಅಳು ಬಂತು.

ಬಿಡಿಸುವಾಗ ಹೆಬ್ಬೆರಳಿಗೆ ಉಳಿ ತಾಗಿತು. ರಕ್ತ ಒಸರಿತು. ಅಣ್ಣ ಉಸಿರು ಬಿಗಿಹಿಡಿದು ನೋಡಿದ. ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಂತಿತು! ಎಲ್ಲರ ರಕ್ತದ ಹಾಗೆ, ತಮ್ಮನ ರಕ್ತದ ಹಾಗೆ. ಅವನು ಆ ಬೆರಳನ್ನು ಬಹುಮಾನದ ಹಾಗೆ ಮೇಲೆತ್ತಿ ಹಿಡಿದು ಖಾಲಿ ಕಾರ್ಖಾನೆಯಲ್ಲಿ ಒಬ್ಬನೇ ನಕ್ಕ. ಹೆಪ್ಪುಗಟ್ಟುವ ರಕ್ತ ಬೆರಳಲ್ಲಿ ಮಾತ್ರ ಹೆಪ್ಪುಗಟ್ಟುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಆಮೇಲೆ ಸಂದು ಸಿಕ್ಕಾಗಲೆಲ್ಲ ಕದ್ದು ಕೆತ್ತಿದ. ಮುಖಕ್ಕೆ ಕಳೆ ಬಂತು. ತಮ್ಮನ ಮೇಲೆ ರೇಗುವುದೂ ಕಡಿಮೆಯಾಯಿತು. "ಏನ್ರೀ, ಏನು ಸಮಾಚಾರ? ಮದುಮಗನ ಹಾಗಾಗಿದೀರಾ" ಎಂದು ಹೆಂಡತಿ ಛೇಡಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ ಮೆಟ್ಟಿಲು ಹತ್ತುವಾಗ ಅವನಿಗೆ ಏದುಸಿರು ಹತ್ತಿತು. ಸೆಕೆ ಎಂದುಕೊಂಡ. ಊಟ ಸೇರಲಿಲ್ಲ. ಗ್ಯಾಸ್ ಎಂದುಕೊಂಡ. ಒಂದು ಭಾನುವಾರ ಊಟ ಮುಗಿಸಿ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೈ ತಡೆದು ನಿಂತಳು.

"ರೀ, ಸದ್ದೆಲ್ಲಿ?"

"ಯಾವ ಸದ್ದು?"

"ನಿಮ್ಮದು. ಟಿಕ್ ಟಿಕ್."

"ಅಂಗಿ ದಪ್ಪ ಇದೆ. ಹೋಗೇ."

ಅವಳು ಅಂಗಿ ಸರಿಸಿ ಎದೆಗೆ ಕಿವಿ ಇಟ್ಟಳು. ಇಷ್ಟು ವರ್ಷ ಅದನ್ನು ಕೇಳುತ್ತಲೇ ಮಲಗಿದವಳು. ಈಗ ಕಂಬಳಿಯೊಳಗೆ ಸುತ್ತಿಟ್ಟ ಗಡಿಯಾರದಂತೆ ಏನೋ ಮೆತ್ತಗೆ ಕುಟ್ಟುತ್ತಿತ್ತು. ಅವಳು ತಲೆ ಎತ್ತಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಕಿಟಕಿಗೆ ಓಡಿ ಕೆಳಗೆ ಕೂಗಿದಳು: "ಏನಪ್ಪಾ, ಗಾಡಿ ತೆಗಿ! ಬೇಗ!"

ತಮ್ಮ ಟೆಂಪೋ ಓಡಿಸಿದ. ದಾರಿಯಲ್ಲಿ ಅಣ್ಣನ ಹೆಬ್ಬೆರಳ ಗಾಯದ ಕಡೆ ಒಂದೆರಡು ಸಲ ನೋಡಿದ.

ಡಾಕ್ಟರು ಸ್ಕ್ಯಾನ್ ಮಾಡಿ ಪರದೆ ತೋರಿಸಿದರು. ಲೋಹದ ಎರಡು ರೆಕ್ಕೆಗಳಲ್ಲಿ ಒಂದು ಬಡಿಯುತ್ತಿತ್ತು, ಇನ್ನೊಂದು ಹೆಪ್ಪುಗಟ್ಟಿದ ರಕ್ತದಲ್ಲಿ ಸಿಕ್ಕಿಕೊಂಡು ಅರೆಬರೆ ಅಲುಗುತ್ತಿತ್ತು.

"ಮಾತ್ರೆ ಬಿಟ್ಟಿದೀರಾ?"

ಅಣ್ಣ ಹೆಂಡತಿಯ ಮುಖ ನೋಡಲಾರದೆ ಸೂರು ನೋಡಿದ. "ಹೂಂ. ಇಷ್ಟು ವರ್ಷಕ್ಕೆ ಮಾಂಸ ಬೆಳೆದು ಕಚ್ಕೊಂಡಿರತ್ತೆ ಅಂದ್ಕೊಂಡೆ."

"ಯಜಮಾನ್ರೇ, ಲೋಹ ಯಾವತ್ತಿದ್ರೂ ಲೋಹಾನೇ. ಅದರ ಮೇಲೆ ನಿಮ್ಮ ಮಾಂಸ ಬೆಳೆದು ಅದನ್ನ ನಿಮ್ಮದಾಗಿಸಲ್ಲ. ಈಗ ಹೆಪ್ಪು ಕರಗೋ ಔಷಧಿ ಡ್ರಿಪ್ಪಲ್ಲಿ ಹಾಕ್ತೀವಿ. ಕರಗಿದ್ರೆ ಸರಿ. ಇಲ್ಲಾಂದ್ರೆ ಮತ್ತೆ ಎದೆ ತೆಗೀಬೇಕು."

"ತೊಡೆಯಿಂದ ಆಗಲ್ವಾ?" ಅಂಥ ಉಬ್ಬಸದಲ್ಲೂ ಅಣ್ಣ ಕೇಳಿಯೇಬಿಟ್ಟ. "ಇವನಿಗೆ ಮಾಡಿದ್ರಲ್ಲ."

"ನಿಮಗಾಗಲ್ಲ. ಲೋಹದ ಚೌಕಟ್ಟಿನೊಳಗೆ ಅದು ಅರಳಲ್ಲ. ನಿಮ್ಮ ತಮ್ಮನವರದು ಮುಂದೆ ಸವೆದ್ರೆ ಅದರೊಳಗೇ ಇನ್ನೊಂದನ್ನ ಕೂರಿಸೋದಕ್ಕೆ ಸಾಮಾನ್ಯವಾಗಿ ಆಗತ್ತೆ."

ಇನ್ನೊಂದು ಸಲವೂ ಅವನಿಗೆ ತೂತು, ತನಗೆ ಗರಗಸ! ಸಾವು ಮಂಚದ ಪಕ್ಕ ನಿಂತಿದ್ದರೂ ಅಣ್ಣನ ಹೊಟ್ಟೆ ಉರಿದದ್ದು ಅದಕ್ಕೇ.

ಔಷಧಿ ಹನಿ ಹನಿಯಾಗಿ ಇಳಿಯಿತು. ಆ ಹೊತ್ತಿನಲ್ಲಿ ಅವನು ಬಹಳ ಹೆದರಿದ. ಗರಗಸದ ಸದ್ದು ಕಿವಿಯಲ್ಲಿ ಮೊರೆಯುತ್ತಿತ್ತು. ಮರುದಿನ ಬೆಳಿಗ್ಗೆ ಡಾಕ್ಟರು ಮತ್ತೆ ಪರದೆ ನೋಡಿ, "ಎರಡೂ ಬಡೀತಿದಾವೆ. ಪುಣ್ಯ ಮಾಡಿದ್ರಿ" ಎಂದರು. ಹೆಂಡತಿ ಅಲ್ಲಿಯವರೆಗೆ ತಡೆದದ್ದನ್ನೆಲ್ಲ ಸೇರಿಸಿ ಬೈದಳು. ಬೈದು ಬೈದು ಸುಸ್ತಾಗಿ, ಮುಖ ತೊಳೆದು ಬರುತ್ತೇನೆಂದು ಹೊರಗೆ ಹೋದಳು.

ತಮ್ಮ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡ.

"ಅಣ್ಣ, ನಂಗೆ ಗೊತ್ತಿತ್ತು."

"ಏನು?"

"ನೀನು ಉಳಿ ಹಿಡೀತಿದೀಯ ಅಂತ. ಆ ಹಿಂಗಾಲು ನೋಡಿದ ತಕ್ಷಣ ಗೊತ್ತಾಯ್ತು. ನಮ್ಮ ಕಾರ್ಖಾನೇಲಿ ಅಂಥ ಕಚ್ಚು ಇನ್ಯಾರು ಹಾಕ್ತಾರೆ? ಉಳಿ ಹಿಡೀತಿದಾನೆ ಅಂದ್ರೆ ಮಾತ್ರೆ ಬಿಟ್ಟಿರ್ತಾನೆ ಅಂತಾನೂ ಅನ್ನಿಸ್ತು."

"ಮತ್ತೆ ಬಾಯಿಬಿಡ್ಲಿಲ್ಲ ಯಾಕೋ, ಪಾಪಿ?"

ತಮ್ಮ ತಲೆ ತಗ್ಗಿಸಿ ಅಂಗೈಯ ದಡ್ಡುಗಳನ್ನು ಉಗುರಿನಿಂದ ಕೆರೆದ. "ಹೊಟ್ಟೆಕಿಚ್ಚು."

ಅಣ್ಣ ದಿಂಬಿನಿಂದ ಕತ್ತೆತ್ತಿದ.

"ಇಷ್ಟು ವರ್ಷ ನೀನು ಬಾಗಿಲಲ್ಲಿ ಕೂತಿದ್ದೆ, ನಾನೇ ಮೇಸ್ತ್ರಿ ಅಂದ್ಕೊಂಡಿದ್ದೆ. ಒಂದೇ ಮಧ್ಯಾಹ್ನ ಬಂದು, ಆ ಹಳೇ ಉಳೀಲಿ, ನಂಗೆ ಈ ಜನ್ಮಕ್ಕೆ ಬರದ ಕೆಲಸ ಮಾಡಿಟ್ಟು ಹೋಗಿದ್ದೆ. ಹಾಳಾಗ್ಲಿ, ಕೇಳಿದ್ರೆ ತಾನೇ ನೀನು ಹೌದು ನಾನೇ ಅಂತ ಮೀಸೆ ತಿರುವೋದು? ನೋಡದೋನ ಹಾಗೆ ಇದ್ದುಬಿಟ್ಟೆ. ನೀನು ಸತ್ತಿದ್ರೆ..." ಅವನು ಕೆಮ್ಮು ಬಂದಂತೆ ಮಾಡಿದ.

ಅಣ್ಣನಿಗೆ ಎದ್ದು ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈಯಲ್ಲಿ ಸೂಜಿ ಇತ್ತು. ಆಮೇಲೆ ನಿಧಾನವಾಗಿ, ಇನ್ನೇನೋ ಒಂದು ಒಳಗೆ ಇಳಿಯತೊಡಗಿತು. ಬೇಡವೆಂದರೂ ತುಟಿ ನಗೆಗೆ ಸಡಿಲವಾಯಿತು.

ನರ್ಸಮ್ಮ ಬಂದು ಪುಟ್ಟ ಬಟ್ಟಲು ಚಾಚಿದಳು. ಅದರಲ್ಲಿ ಅದೇ ಮಾತ್ರೆ. "ಇವತ್ತಿಂದ ಮತ್ತೆ ಶುರು. ಬಾಯಿ ತೆರೆದು ತೋರಿಸ್ಬೇಕು, ಆಯ್ತಾ? ನಿಮ್ಮ ಮನೆಯವರು ಹೇಳಿಟ್ಟು ಹೋಗಿದಾರೆ."

ಅಣ್ಣ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ನೋಡಿದ. ಇದು ಒಳಗೆ ಹೋದರೆ ಉಳಿ ಇನ್ನು ಕೈಗೆ ಬರುವುದಿಲ್ಲ.

"ಎಷ್ಟು ಉರೀತು?" ಎಂದು ತಮ್ಮನನ್ನು ಕೇಳಿದ.

"ಏನು?"

"ಹೊಟ್ಟೆ. ಆ ಕಚ್ಚು ನೋಡಿದಾಗ."

"ಬಿಡಣ್ಣ."

"ಹೇಳೋ. ರೋಗಿ ಕೇಳ್ತಿದೀನಿ."

"ಎರಡು ದಿನ ಅನ್ನ ಸೇರ್ಲಿಲ್ಲ, ಸಾಕಾ? ಅಂಥದ್ದೊಂದು ಹಾಕೋಣ ಅಂತ ಮೂರು ಕಾಲು ಹಾಳು ಮಾಡ್ದೆ. ಒಲೆಗೆ ಹಾಕ್ದೆ, ಯಾರಿಗೂ ಗೊತ್ತಾಗಬಾರ್ದು ಅಂತ."

ಅಣ್ಣ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿದು, ಬಾಯಿ ಅಗಲಿಸಿ ನರ್ಸಮ್ಮನಿಗೆ ತೋರಿಸಿದ. ಅವಳು ಹೋದ ಮೇಲೆ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡ.

"ಎಷ್ಟು ಕಾಲು ಅಂದೆ?"

"ಮೂರು."

"ಇನ್ನೊಂದ್ಸಲ ಹೇಳು. ಮೊದಲಿಂದ."